ಇಡ್ಲಿ ಮನೆಯ ಬಿಳಿ ಹೋಳುಗಳು

ಸಹನಾ, ನಿಖಿಲ್, ಮೊನ್ನೆ ಯಲ್ಲಾಪುರದ ಸಂತೆಯಲ್ಲಿ ನೀವಿಬ್ಬರೂ ಸೆರಗು ಹಿಡಿದು ಎಳೆದರೂ ನಾನು ಆ ಶೀಟಿನ ಅಂಗಡಿಯ ಮುಂದಿನಿಂದ ಕದಲಲಿಲ್ಲ. "ಅಜ್ಜಿಗೆ ತಲೆ ತಿರುಗಿರಬೇಕು" ಎಂದು ನಿಖಿಲ್ ನೀರು ತರಲು ಓಡಿದ. ತಲೆ ತಿರುಗಿರಲಿಲ್ಲ ಮಗು. ಬಿಸಿಲಿಗೆ ಕಾದ ಫೈಬರ್ ಶೀಟಿನ ವಾಸನೆ ಮೂಗಿಗೆ ಬಡಿದಿತ್ತು. ಹೊಸ ಪ್ಲಾಸ್ಟಿಕ್ ಬಕೆಟ್ಟಿಗೆ ಕುದಿನೀರು ಹೊಯ್ದಾಗ ಬರುತ್ತದಲ್ಲ, ಅಂಥದೇ, ಇನ್ನೂ ಸ್ವಲ್ಪ ಕಹಿ. ಆ ವಾಸನೆ ಬಂದರೆ ನನಗೆ ಈಗಲೂ ಎದೆಯ ಕೆಳಗೆ ಸಣ್ಣಗೆ ಉರಿ ಹತ್ತುತ್ತದೆ. ನಾಲ್ಕು ಜನರ ನಡುವೆ ಬಾಯಿ ಬಿಡುವುದು ನನಗೆ ಎಂದೂ ಬರಲಿಲ್ಲ. ಊರ ಶಾಲೆಯಲ್ಲಿ ಕಲಿತ ಅಕ್ಷರ ಮಾತ್ರ ಕೈಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸಿದ್ದಾಪುರದಲ್ಲಿರುವ ನಿಮ್ಮ ಸಣ್ಣಜ್ಜಿಯ ಮನೆ ನಿಮಗೆ ಗೊತ್ತೇ ಇದೆ. ಕಬ್ಬಿಣದ ಕಾಲುಗಳ ಮೇಲೆ ಕೂತ ಗುಂಡನೆಯ ಮನೆ. ಕೆಳಗಿನ ಅರ್ಧ ಕೇಸರಿ, ಮೇಲಿನ ಅರ್ಧ ಬಿಳಿ. ಎಲ್ಲೆಲ್ಲಿಂದಲೋ ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. "ಎರಡು ಬಣ್ಣ ಎಷ್ಟು ಚಂದ ಹೊಂದಿಸಿದ್ದಾರೆ" ಎನ್ನುತ್ತಾರೆ. ಯಾರೂ ಹೊಂದಿಸಿದ್ದಲ್ಲ. ಆ ಬಿಳಿ ಅರ್ಧ ನನ್ನ ಮನೆ. ನಾನು ಒಂದು ದಿನವೂ ಬಾಳದ ಮನೆ.

ನಿಮ್ಮ ಅಮ್ಮ ಪಿಯುಸಿ ಪರೀಕ್ಷೆಗೆ ಕೂತ ವರ್ಷ ಅದು. ತೊಂಬತ್ತರ ದಶಕ ಅರ್ಧ ಕಳೆದಿತ್ತು. ಯಲ್ಲಾಪುರದಲ್ಲಿ ಹೆಗಡೇರ ಕಟ್ಟಿಗೆ ಮಿಲ್ಲಿನ ಹಿಂದಿನ ಸಾಲಿನಲ್ಲಿ ನಮ್ಮ ಬಾಡಿಗೆ ಮನೆ. ಒಂದು ಕೋಣೆ, ಅದರ ಮುಂದೆ ಅಡಿಗೆಗೆ ಇಳಿಜಾರು ಮಾಡು. ಬೆಳಗಾದರೆ ಗರಗಸದ ಸದ್ದು. ಅನ್ನದಲ್ಲಿ, ಹಾಸಿಗೆಯಲ್ಲಿ, ನಿಮ್ಮ ಅಮ್ಮನ ಪುಸ್ತಕದ ಹಾಳೆಗಳ ನಡುವೆ ಎಲ್ಲೆಲ್ಲೂ ಮರದ ಪುಡಿ. ತಗಡಿನ ಮಾಡು ಮಳೆಗಾಲದಲ್ಲಿ ಸೋರುತ್ತಿತ್ತು, ಬೇಸಿಗೆಯಲ್ಲಿ ತಲೆ ಸುಡುತ್ತಿತ್ತು. ನಿಮ್ಮ ಅಜ್ಜ ದಿಮ್ಮಿ ಸಾಗಿಸುವ ಲಾರಿ ಇಟ್ಟುಕೊಂಡಿದ್ದರು. ಕಾಡಿನಲ್ಲಿ ಮರ ಕಡಿಯುವುದು ಕಡಿಮೆಯಾಗಿ ಆ ವರ್ಷ ಲಾರಿ ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. "ತಗಡು ಬದಲಾಯಿಸಿ" ಎಂದು ನಾನು ಹೇಳುತ್ತಿದ್ದೆ. "ನೋಡೂಣು" ಎನ್ನುತ್ತಿದ್ದರು. ನಮ್ಮ ಸಂಸಾರದಲ್ಲಿ ಅತಿ ಹೆಚ್ಚು ಬಾಳಿದ ಮಾತು ಅದು.

ನನ್ನ ತಂಗಿ, ನಿಮ್ಮ ಸಣ್ಣಜ್ಜಿ ಗಿರಿಜಾಳ ಗಂಡ ಮಲ್ಲೇಶಪ್ಪ ಯಲ್ಲಾಪುರದ ಒಳಗಾಡಿನ ಬಯಲೊಂದರಲ್ಲಿ ಕಾವಲುಗಾರನಾಗಿದ್ದ. ಅಲ್ಲಿ ಹಿಂದೆ ಮಿಲಿಟರಿಯವರ ವಾಯರ್‌ಲೆಸ್ ಠಾಣೆ ಇತ್ತಂತೆ. ಜವಾನರು ಹೋಗಿ ಎಷ್ಟೋ ಕಾಲವಾಗಿ, ತಂತಿಬೇಲಿ ಮತ್ತು ಅವರು ಇಳಿದುಕೊಳ್ಳುತ್ತಿದ್ದ ಗುಂಡು ಮನೆಗಳು ಉಳಿದಿದ್ದವು. ಯಾವ ದೇಶದಿಂದ ತರಿಸಿದ್ದೋ, ಮುಂದಿನ ಕಾಲದ ಮನೆ ಹೀಗೇ ಇರುತ್ತದೆಂದು ಯಾರು ಅಂದುಕೊಂಡಿದ್ದರೋ, ಕೇಳಿದರೆ ಹೇಳುವವರಿಲ್ಲ. ಹೋಳು ಹೋಳಾಗಿ ಲಾರಿಯಲ್ಲಿ ಬಂದು, ಬೋಲ್ಟು ಹಾಕಿ ಜೋಡಿಸಿದ ಫೈಬರಿನ ಮನೆಗಳು. ಒಂದರ ಮೇಲೆ ಮರ ಬಿದ್ದು ಒಳಗೆ ಬಾವಲಿ ತುಂಬಿದ್ದವು. ಒಂದು ಕೇಸರಿ, ಒಂದು ಬಿಳಿ, ಇವೆರಡು ಮಾತ್ರ ನೆಟ್ಟಗಿದ್ದವು. ಸುತ್ತಲಿನ ಹಳ್ಳಿಯವರು ಇಡ್ಲಿ ಮನೆ ಎನ್ನುತ್ತಿದ್ದರು. ಕೇಸರಿ ಮನೆಯಲ್ಲಿ ಗಿರಿಜಾ ಬಿಡಾರ ಮಾಡಿದ್ದಳು.

ನಾನು ಮೊದಲ ಸಲ ಹೋದದ್ದು ಶಿವರಾತ್ರಿ ಕಳೆದ ಮೇಲೆ. ಗಿರಿಜಾ ಹಗ್ಗ ಎಳೆದಳು. ಮನೆಯ ಹೊಟ್ಟೆಯಿಂದ ಬಾಗಿಲು ಕೆಳಕ್ಕೆ ಇಳಿದು ತಾನೇ ಮೆಟ್ಟಿಲಾಯಿತು.

"ಬಾರಕ್ಕ, ವಿಮಾನ ಹತ್ತು" ಅಂದಳು.

ಒಳಗೆ ಹೋದೆ. ಗೋಡೆಯೇ ಮೇಲೆ ಬಾಗಿ ಸೂರಾಗಿತ್ತು. ಸುತ್ತ ಮೊಟ್ಟೆಯಾಕಾರದ ಕಿಟಕಿಗಳು. ಎಲ್ಲಿ ಕೂತರೂ ಬೆಳಕು. ಗೋಡೆಗೆ ಅಂಟಿಕೊಂಡೇ ಕೂರುವ ಕಟ್ಟೆ. ನೆಲಕ್ಕೆ ಒದ್ದೆ ಬಟ್ಟೆಯಲ್ಲಿ ಒಂದು ಸುತ್ತು ಹಾಕಿದರೆ ಮುಗಿಯಿತು.

"ಮೂಲೀನ ಇಲ್ಲ ನೋಡು. ಕಸ ಎಲ್ಲಿ ಕುಂದರಬೇಕು?" ಎಂದು ನಕ್ಕಳು. ಅವಳು ನಗುವುದು ಹಾಗೆಯೇ, ಮನೆ ತುಂಬ. ಚಿಕ್ಕಂದಿನಿಂದಲೂ ಅವಳು ನಕ್ಕರೆ ಜನ ತಿರುಗಿ ನೋಡುತ್ತಿದ್ದರು. ಪಕ್ಕದಲ್ಲಿದ್ದ ನನ್ನನ್ನು ನೋಡುತ್ತಿರಲಿಲ್ಲ.

ಅವಳು ನನಗೆ ಬೆನ್ನು ಹಾಕಿ ಆ ಕಡೆಯ ಗೋಡೆಯ ಹತ್ತಿರ ಚಹಾಕ್ಕೆ ಇಟ್ಟಳು. ನಾನು ಈ ಕಡೆಯ ಗೋಡೆಗೆ ಮುಖ ಮಾಡಿ, ಕಿಟಕಿಯ ಅಂಚನ್ನು ಸವರುತ್ತ, ನನ್ನಷ್ಟಕ್ಕೆ ನಾನೇ ಗೊಣಗಿದೆ. "ಅವ್ವ ಇವಳ ಹಣಿಗೆ ಬೆಣ್ಣಿ ಹಚ್ಚಿ ಹಡದಾಳ, ನನ್ನ ಹಣಿಗೆ ಬೂದಿ."

"ಅಕ್ಕಾ" ಎಂದಳು ಗಿರಿಜಾ, ತಿರುಗದೆಯೇ. "ಈ ಮನಿಯೊಳಗ ಆ ಗ್ವಾಡಿಗೆ ಪಿಸುಗುಟ್ಟಿದ್ದು ಈ ಗ್ವಾಡಿಗೆ ಕೇಳ್ತೈತಿ. ಗುಂಡಗ ಐತಲ್ಲ, ಮಾತು ಸುತ್ತಿ ಬರ್ತೈತಿ. ನನಗೂ ನನ್ನ ಗಂಡಗೂ ಜಗಳ ಆದ್ರ ಅಂವ ಅಂಗಳಕ್ಕ ಹೋಗಿ ಬೈತಾನ."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಚಹಾ ತಂದು ಕೈಗಿಟ್ಟಳು. ಕೋಪ ಮಾಡಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳ ಮುಖದಲ್ಲಿ ಇದ್ದದ್ದು ಕರುಣೆ.

ಹೋಳಿ ಹುಣ್ಣಿಮೆಯ ಹೊತ್ತಿಗೆ ಸುದ್ದಿ ಬಂತು. ಆ ಬಯಲನ್ನು ಅರಣ್ಯ ಇಲಾಖೆಗೆ ಮರಳಿಸಬೇಕು, ಮಳೆಗಾಲದ ಒಳಗೆ ಅಲ್ಲಿ ಏನೂ ಇರಕೂಡದು. ಒಯ್ಯುವವರಿದ್ದರೆ ಒಯ್ಯಲಿ, ಇಲ್ಲವಾದರೆ ಪುಡಿ ಮಾಡಿ ಹೂಳುತ್ತಾರೆ. ಮಲ್ಲೇಶಪ್ಪನ ಕೆಲಸವೂ ಅಲ್ಲಿಗೆ ಮುಗಿಯಿತು. ಸಿದ್ದಾಪುರದಲ್ಲಿ ಅವನ ಪಾಲಿಗೆ ಬಂದ ತುಂಡು ಜಾಗವಿತ್ತು; ಅದರ ಮೇಲೆ ಒಂದು ಕಲ್ಲೂ ಇರಲಿಲ್ಲ.

ಗಿರಿಜಾ ನಮ್ಮ ಮನೆಗೆ ಬಂದು ನಿಮ್ಮ ಅಜ್ಜನ ಮುಂದೆ ಕೂತಳು. "ಮಾವಾರ, ನಿಮ್ಮ ಲಾರಿ ಸುಮ್ಮನ ನಿಂತೈತಿ. ನನ್ನ ಮನಿ ಹೊತ್ತು ಸಿದ್ದಾಪುರಕ್ಕ ಇಳಿಸಿಕೊಡ್ರಿ. ಅದನ್ನ ಹೂಳಿದ್ರ ನನ್ನೂ ಹೂಳಿದಂಗ."

ನನ್ನ ತಗಡಿಗೆ "ನೋಡೂಣು" ಎನ್ನುವ ಮನುಷ್ಯ ಆ ಕ್ಷಣಕ್ಕೇ ಎದ್ದು ಅಂಗಿ ಹಾಕಿಕೊಂಡರು. ನಾನು ಒಲೆಯ ಮುಂದೆ ಕೂತು ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದೆ. ಗಿರಿಜಾಳಿಗೆ ಅದು ಕೇಳಿಸಿತೋ ಏನೋ. "ಬಿಳೀದು ಅಕ್ಕಂದು ಮತ್ತ. ಅದನ್ನ ಇಲ್ಲಿ ತಂದು ನಿಲ್ಲಸ್ರಿ" ಎಂದಳು.

ನಾನು ತಿರುಗಿ ನೋಡಿದೆ. ನಿಮ್ಮ ಅಜ್ಜ ತಲೆ ಆಡಿಸಿದರು. ಮಿಲ್ಲಿನ ಹೆಗಡೇರನ್ನು ಕೇಳಿದ್ದಕ್ಕೆ, "ಹಿಂದಿನ ಜಾಗ ಖಾಲಿ ಬಿದ್ದಿದ್ಯಲ್ಲ ಮಾರಾಯ, ಇಟ್ಕ. ಇಡ್ಲಿ ಮನೆ ನಂಗೆ ಎಂತ ಭಾರ?" ಎಂದರು. ಆ ದಿನದಿಂದ ನಾನು ನೆಲದ ಮೇಲೆ ನಡೆಯಲಿಲ್ಲ ಅನ್ನಬೇಕು. ನಿಮ್ಮ ಅಮ್ಮ ಪರೀಕ್ಷೆಗೆ ಓದುತ್ತ ಕೂತರೆ ನಾನು ಪಕ್ಕದಲ್ಲಿ ಕೂತು, ಆ ಗುಂಡು ಮನೆಯಲ್ಲಿ ದೇವರ ಜಗಲಿ ಎಲ್ಲಿ ಮಾಡುವುದು ಎಂದು ಯೋಚಿಸುತ್ತಿದ್ದೆ. ಈಶಾನ್ಯ ಮೂಲೆ ಎನ್ನುತ್ತಾರೆ; ಮೂಲೆಯೇ ಇಲ್ಲದ ಮನೆಯಲ್ಲಿ ದೇವರೂ ಕಿಟಕಿಯ ಪಕ್ಕ ಕೂರಲಿ, ಅವನಿಗೂ ಗಾಳಿ ಬೇಡವೇ ಅಂದುಕೊಂಡೆ.

ಮೊದಲು ಗಿರಿಜಾಳ ಕೇಸರಿ ಮನೆ. ಬಿಚ್ಚುವುದು ಕಷ್ಟವಾಗಲಿಲ್ಲ. ಹೋಳುಗಳು ಹಲಸಿನ ಹಣ್ಣಿನ ತೊಳೆ ಬಿಡಿಸಿದ ಹಾಗೆ ಬಂದವು. ತುಕ್ಕು ಹಿಡಿದ ಬೋಲ್ಟಿಗೆ ಸೀಮೆಎಣ್ಣೆ ಹನಿಸಿ ತಿರುಗಿಸಿದರೆ ಕೆಳಗಿನ ಹೋಳು ಬೇರೆ, ಮೇಲಿನ ಹೋಳು ಬೇರೆ. ಎಡವಟ್ಟಾದದ್ದು ಲಾರಿಗೆ ಏರಿಸಿದ ಮೇಲೆ.

ನಮ್ಮವರಿಗೆ, ಅವರ ಹಮಾಲಿ ಹುಸೇನಸಾಬನಿಗೆ, ಗೊತ್ತಿದ್ದ ಕೆಲಸ ಒಂದೇ: ದಿಮ್ಮಿ ಕಟ್ಟುವುದು. ಮೇಲೆ ಸರಪಳಿ ಹಾಯಿಸಿ, ಅದರೊಳಗೆ ಹಾರೆ ತೂರಿಸಿ, ಇಬ್ಬರು ನೇತಾಡಿ ತಿರುಚಿ ಬಿಗಿಯುವುದು. ಎಷ್ಟು ಬಿಗಿದರೆ ಅಷ್ಟು ಭದ್ರ ಎನ್ನುವುದು ಯಲ್ಲಾಪುರದ ಲಾರಿಯವರ ಪಾಲಿಗೆ ವೇದವಾಕ್ಯ. ಕೆಳಗಿನ ಹೋಳು ಅಡಿಯಲ್ಲಿ ಹಾಕಿ, ಮೇಲಿನ ಹೋಳು ಅದರ ಮೇಲೆ ಪೇರಿಸಿ, ನಿಮ್ಮ ಅಜ್ಜನೇ ಹಾರೆಗೆ ಜೋತುಬಿದ್ದರು.

ಗಿರಿಜಾ, "ಸಾವಕಾಶ ಮಾವಾರ" ಎಂದಳು.

"ಫಿಕರ್ ಮಾಡಬ್ಯಾಡ್ರಿ ತಂಗೆಮ್ಮ" ಎಂದ ಹುಸೇನಸಾಬ. "ನಮ್ಮ ಸರಪಳ್ಯಾಗ ಸಾಗವಾನಿ ದಿಮ್ಮಿನೇ ಮಿಸುಕಾಡಿಲ್ಲ, ಈ ಡಬ್ಬಿ ಮಿಸುಕಾಡ್ತದ?"

ನಾವಿಬ್ಬರೂ ಮುಂದೆ ಕೂತೆವು, ಗಿರಿಜಾಳ ತೊಡೆಯ ಮೇಲೆ ಅವಳ ಸಣ್ಣ ಮಗು. ದಾರಿಯುದ್ದಕ್ಕೂ ಜನ ಎದ್ದು ನಿಂತು ನೋಡಿದರು. ಸೋಂದಾ ಕ್ರಾಸಿನ ಹತ್ತಿರ ಹಿಂದಿನಿಂದ ಏನೋ ಟಣ್ ಎಂದಿತು. "ಸರಪಳಿ ಕುಂತಿತು" ಎಂದರು ನಿಮ್ಮ ಅಜ್ಜ. ಶಿರಸಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹೋಟೆಲಿನವರೆಲ್ಲ ಹೊರಗೆ ಬಂದರು.

"ಎಂತದ್ರೋ ಇದು? ಯಾರ ಮನೆ ಮದುವೆಗೆ ಇಷ್ಟು ದೊಡ್ಡ ಇಡ್ಲಿ?"

"ಸಿದ್ದಾಪುರದವರಿಗೆ. ಚಟ್ನಿ ಹಿಂದಿನ ಲಾರ್‍ಯಾಗ ಬರ್ತೈತಿ" ಎಂದರು ನಮ್ಮವರು. ಎಲ್ಲರೂ ನಕ್ಕರು. ಗಿರಿಜಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ಸಿದ್ದಾಪುರದಲ್ಲಿ ಸರಪಳಿ ಬಿಚ್ಚಿದಾಗ ನಗು ನಿಂತಿತು. ಅಡಿಯಲ್ಲಿದ್ದ ಹೋಳುಗಳು ಉಳಿದಿದ್ದವು, ಮೇಲಿನ ಹೋಳುಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಸರಪಳಿ ಕೂತಲ್ಲೆಲ್ಲ ಸೀಳಿ, ಒಳಗಿನ ನಾರು ಕಿತ್ತು ಬಂದಿತ್ತು. ಹುಸೇನಸಾಬ ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಮರ ಬಿಗಿದ್ರ ಗಟ್ಟಿ ಆಗ್ತದ್ರೀ. ಇದು ಹಪ್ಪಳ ಇದ್ದಂಗ ಐತಿ" ಎಂದ.

ಗಿರಿಜಾ ನನ್ನ ಹೆಗಲ ಮೇಲೆ ಬಿದ್ದು ಅತ್ತಳು. ನಾನು ಅವಳ ಬೆನ್ನು ಸವರಿದೆ. ಮಕ್ಕಳೇ, ನಿಮ್ಮ ಹತ್ತಿರ ಮುಚ್ಚಿಡಲಾರೆ: ಆ ಹೊತ್ತಿಗೆ ಎಷ್ಟೋ ವರ್ಷಗಳ ಉರಿಯ ಮೇಲೆ ಯಾರೋ ತಣ್ಣೀರು ಹೊಯ್ದ ಹಾಗಾಯಿತು. ಅವಳ ಮನೆ ಒಡೆಯಿತು, ನನ್ನದು ಇನ್ನೂ ಬಯಲಿನಲ್ಲಿ ಪೂರ್ತಿಯಾಗಿ ನಿಂತಿದೆ. ಮೊದಲ ಸಲ ನನ್ನ ಹತ್ತಿರ ಇದ್ದದ್ದು ಅವಳ ಹತ್ತಿರ ಇಲ್ಲ.

ಬಿಳಿ ಮನೆ ತರುವಾಗ ಸರಪಳಿ ಮುಟ್ಟಲಿಲ್ಲ. ಹುಲ್ಲು ಹಾಸಿ, ಗೋಣಿಚೀಲ ಮಡಚಿ, ತೆಂಗಿನ ನಾರಿನ ಹಗ್ಗದಲ್ಲಿ ಮಗುವನ್ನು ತೊಟ್ಟಿಲಿಗೆ ಕಟ್ಟಿದ ಹಾಗೆ ಕಟ್ಟಿದರು. ನಮ್ಮವ್ವ ಹಳೆಯ ಸೀರೆ ಹೊಲಿದು ಮಾಡಿಕೊಟ್ಟ ಕೌದಿಗಳನ್ನು ನಾನೇ ಹೋಳು ಹೋಳಿನ ನಡುವೆ ಇಟ್ಟೆ. ಒಂದು ಗೀರೂ ಬೀಳದೆ ಮಿಲ್ಲಿನ ಹಿತ್ತಲಿಗೆ ಬಂತು. ನಾನು ಅದನ್ನು ಸೀಗೆಪುಡಿ ಹಾಕಿ ತೊಳೆದೆ. ಬಾಗಿಲ ಹೋಳಿಗೆ ಅರಿಶಿನ ಕುಂಕುಮ ಹಚ್ಚಿದೆ. ಜೋಡಿಸಲು ಕಾಲಿನ ಕಬ್ಬಿಣಕ್ಕೆ ಬೆಸುಗೆ ಬೇಕಿತ್ತು. ಬೆಸುಗೆಯವನು ಇಂದು ನಾಳೆ ಎನ್ನುತ್ತಿದ್ದ. ಅಲ್ಲಿಯವರೆಗೆ ತಡೆಯಲಾರದೆ ನಾನೂ ನಿಮ್ಮ ಅಮ್ಮನೂ ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ದೊಡ್ಡ ಸುತ್ತು ಹಾಕಿ, ಇಲ್ಲಿ ಒಲೆ, ಇಲ್ಲಿ ಜಗಲಿ, ಇಲ್ಲಿ ನಿನ್ನ ಓದುವ ಜಾಗ ಎಂದು ಬರೆದೆವು. ಸಂಜೆ ಕೆಲಸ ಮುಗಿಸಿ ನಾನು ಆ ಸುತ್ತಿನೊಳಗೆ ಹೋಗಿ ಕೂರುತ್ತಿದ್ದೆ. ಸಾಲಿನ ಹೆಂಗಸರು ನೋಡಲಿ ಎಂದೇ ಕೂರುತ್ತಿದ್ದೆ.

"ಸಾವಿತ್ರಕ್ಕ, ನಿಮ್ಮ ಮನೆಗೆ ಗೃಹಪ್ರವೇಶ ಯಾವಾಗ?" ಎಂದು ಕೇಳಿದರೆ ನಾನು ತಲೆ ತಗ್ಗಿಸಿ ನಗುತ್ತಿದ್ದೆ. ಹೊಟ್ಟೆಕಿಚ್ಚು ಪಡುವವಳಿಗೆ, ಬೇರೆಯವರು ತನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟಾಗ ಎಷ್ಟು ಸುಖವಾಗುತ್ತದೆ ಎಂದು ಆಗ ತಿಳಿಯಿತು.

ಬೆಸುಗೆಯವನಿಗಿಂತ ಮೊದಲು ಮಳೆ ಬಂತು. ರೋಹಿಣಿ ಮಳೆ ಆ ವರ್ಷ ಗುಡುಗಿಕೊಂಡೇ ಇಳಿಯಿತು. ನನ್ನ ರಂಗೋಲಿ ಸುತ್ತು ತೊಳೆದುಹೋಯಿತು. ಮಾರನೆಯ ದಿನ ಮಲ್ಲೇಶಪ್ಪ ನೆನೆದುಕೊಂಡು ಬಂದ. ಕೆಳಗಿನ ಅರ್ಧವನ್ನು ಅವರು ಕಾಲುಗಳ ಮೇಲೆ ಕೂರಿಸಿ, ಮೇಲೆ ತಾಡಪಾಲು ಕಟ್ಟಿ ಬಿಡಾರ ಮಾಡಿದ್ದರಂತೆ. ಗಾಳಿಗೆ ತಾಡಪಾಲು ಹಾರಿ, ಮನೆ ಬಟ್ಟಲಾಗಿ ನೀರು ತುಂಬಿಕೊಂಡಿತಂತೆ. ಮಗುವಿಗೆ ಜ್ವರ. ಗಿರಿಜಾ ಯಾರದೋ ದನದ ಕೊಟ್ಟಿಗೆಯ ಅಟ್ಟದಲ್ಲಿ ಕೂತಿದ್ದಾಳಂತೆ.

ಅವನು ಹಿತ್ತಲಿನಲ್ಲಿ ಬಿಳಿ ಹೋಳುಗಳ ಕಡೆ ಒಮ್ಮೆ ನೋಡಿ, ಚಹಾ ಕುಡಿದು ಹೋದ.

ಊಟಕ್ಕೆ ಕೂತಾಗ ನಿಮ್ಮ ಅಜ್ಜ ತಲೆ ಎತ್ತದೆ ಹೇಳಿದರು. "ಮ್ಯಾಲಿನ ಹೋಳು ಅಲ್ಲಿಗೆ ಹೋಗ್ಲಿ."

"ಮತ್ತ ನಮ್ಮ ಮನಿ?"

"ನಮಗ ಸೂರು ಐತಲ್ಲ."

ಆ ಸೂರಿನಿಂದ ಅವರ ತಟ್ಟೆಯ ಪಕ್ಕದಲ್ಲೇ ಹನಿ ಬೀಳುತ್ತಿತ್ತು. ನಾನು ಅವರಿಗೆ ಎದುರಾಡಿದ್ದು ಕಡಿಮೆ, ಅಂದು ಆಡಿದೆ. "ನಂದು ಪೂರಾ ಐತಿ, ಅಕಿದು ಒಡದೈತಿ. ಪೂರಾ ಇದ್ದದ್ದನ್ನ ಒಡದು ಒಡದದ್ದನ್ನ ಪೂರಾ ಮಾಡ್ತೀರೇನು? ಯಾವ ನ್ಯಾಯ ಇದು?"

ಅವರು ತುತ್ತು ಕೆಳಗಿಟ್ಟರು. "ಒಡದಾಂವ ನಾನಲ್ಲೇನು? ಹಾರಿಗೆ ಜೋತುಬಿದ್ದಾಂವ ನಾನು. ಸಾವಕಾಶ ಅಂತ ಅಕಿ ಅಂದ್ರೂ ಕೇಳಲಿಲ್ಲ. ನಾನು ಒಡದದ್ದಕ್ಕ ಬ್ಯಾರೇರ ಮನಿ ಮಾಡು ಕಿತ್ತು ಕೊಡಾಕ ಬರ್ತೈತೇನು? ನಂದ ಕೊಡಬೇಕು."

ನಂದು ಎಂದರು. ನಮ್ಮದು ಎನ್ನಲಿಲ್ಲ, ನಿನ್ನದು ಎನ್ನಲಿಲ್ಲ. ನಾನು ಎದ್ದು ಕೌದಿಗಳನ್ನು ಮತ್ತೆ ತಂದು ಲಾರಿಯ ಹತ್ತಿರ ಇಟ್ಟೆ. ಅದನ್ನು ಅವರು ಒಪ್ಪಿಗೆ ಎಂದು ತಿಳಿದರು. ಹೋಗುವುದೇ ಆದರೆ ದಾರಿಯಲ್ಲಿ ಒಡೆಯುವುದು ಬೇಡ, ಕೊಟ್ಟದ್ದಾದರೂ ಪೂರ್ತಿಯಾಗಿರಲಿ ಎಂಬ ಹಟ ಅದು. ಒಪ್ಪಿಗೆ ಅಲ್ಲ.

ಎರಡೂ ಮನೆಗಳ ಬೋಲ್ಟಿನ ತೂತು ಒಂದೇ ಅಳತೆಯವು. ಬಿಳಿ ಮುಚ್ಚಳ ಕೇಸರಿ ಬಟ್ಟಲಿನ ಮೇಲೆ ಸರಿಯಾಗಿ ಕೂತಿತಂತೆ. ನಾನು ಹೋಗಲಿಲ್ಲ. ಅವರು ಹಿಂತಿರುಗಿ ಬಂದು, "ಅದರ ಮ್ಯಾಲೆ ಮಳಿ ಬಿದ್ರ ಎಂಥ ಸಪ್ಪಳ ಅಂತೀ, ತಬಲಾ ಬಾರಿಸಿದಂಗ" ಎಂದರು. ನಾನು ಸೋರುವ ಜಾಗಕ್ಕೆ ಪಾತೇಲಿ ಇಟ್ಟೆ. ಅದೂ ಬಾರಿಸತೊಡಗಿತು.

ನನ್ನ ಪಾಲಿಗೆ ಉಳಿದ ಕೆಳಗಿನ ಹೋಳುಗಳಲ್ಲಿ ಹೆಗಡೇರು ಮರದ ಪುಡಿ ತುಂಬಿಸಿದರು. ಒಂದು ಎಮ್ಮೆಯ ಕಲಗಚ್ಚಿನ ತೊಟ್ಟಿಯಾಯಿತು. ಮಿಲ್ಲು ಮುಚ್ಚಿದಾಗ ಉಳಿದವು ಎಲ್ಲಿಗೆ ಹೋದವೋ ತಿಳಿಯದು.

ಆಮೇಲಿನ ವರ್ಷಗಳಲ್ಲಿ ಪ್ರತಿ ಮಳೆಗಾಲಕ್ಕೂ ಮೊದಲು ನಿಮ್ಮ ಅಜ್ಜ ಸಿದ್ದಾಪುರಕ್ಕೆ ಹೋಗಿ ಆ ಮನೆಯ ಸಂದುಗಳಿಗೆ ಅಂಟು ಹಚ್ಚಿ ಬರುತ್ತಿದ್ದರು. ಹುಡುಗಿ ನೋಡಲು ಹೋಗುವ ವರನ ಹಾಗೆ ತಲೆ ಬಾಚಿಕೊಂಡು ಹೊರಡುತ್ತಿದ್ದರು. ಅವರು ಅಂಟು ಹಚ್ಚದಿದ್ದರೆ ಆ ಮನೆ ಎಂದೋ ಕಳಚಿ ಬೀಳುತ್ತಿತ್ತು, ಅದು ನಿಜ. ನಮ್ಮ ತಗಡು ಬದಲಾದದ್ದು ನಿಮ್ಮ ಅಪ್ಪ ಅಳಿಯನಾಗಿ ಬಂದ ಮೇಲೆ. ನಿಮ್ಮ ಅಜ್ಜ ತೀರಿಕೊಂಡಾಗ ಗಿರಿಜಾ ಬಾಗಿಲಲ್ಲೇ ಕುಸಿದು ಅತ್ತಳು. ಬಂದವರೆಲ್ಲ ಮೊದಲು ಅವಳನ್ನು ಸಮಾಧಾನ ಮಾಡಿದರು. ನಾನು ಒಳಗೆ ಗೋಡೆಗೆ ಒರಗಿ ಕೂತಿದ್ದೆ, ನನಗೆ ಗಟ್ಟಿಯಾಗಿ ಅಳಲು ಬರುವುದಿಲ್ಲ. ಆ ಹೊತ್ತಿನಲ್ಲೂ, ಇವಳಿಗೆ ಇದೂ ಸಿಕ್ಕಿತಲ್ಲ ಅನ್ನಿಸಿತು.

ಹೋದ ಬೇಸಿಗೆಯಲ್ಲಿ ಗಿರಿಜಾ ನನ್ನನ್ನು ಕರೆಸಿಕೊಂಡಳು. ಮನೆ ಕಟ್ಟುವ ವಿದ್ಯೆ ಓದುವ ಹುಡುಗ ಹುಡುಗಿಯರು, ಅವರ ಮೇಷ್ಟ್ರು ಬಂದಿದ್ದರು. ಇಂಥ ಮನೆ ಈಗ ಎಲ್ಲಿಯೂ ಉಳಿದಿಲ್ಲ, ಇದನ್ನು ಕಾಪಾಡಬೇಕು, ಮೇಲೊಂದು ಚಪ್ಪರ ಕಟ್ಟಬೇಕು, ಹೊರಗೆ ಫಲಕ ಹಾಕಬೇಕು ಎಂದೆಲ್ಲ ಮಾತಾಡಿಕೊಂಡಿದ್ದರು. ಗಿರಿಜಾ ರೇಷ್ಮೆ ಸೀರೆ ಉಟ್ಟು ಎಲ್ಲರಿಗೂ ಪಾನಕ ಕೊಡುತ್ತಿದ್ದಳು.

ಮೇಷ್ಟ್ರು ಹೇಳಿದರು. "ಮೇಲಿನ ಭಾಗಕ್ಕೆ ಯಾರೋ ಆಮೇಲೆ ಬಿಳಿ ಬಣ್ಣ ಹಚ್ಚಿದ್ದಾರೆ ಅನ್ನಿಸುತ್ತದೆ. ನಾವು ಪೂರ್ತಿ ಕೇಸರಿ ಮಾಡುತ್ತೇವೆ. ಮೊದಲು ಹೇಗಿತ್ತೋ ಹಾಗೆ."

"ಮಾಡ್ರಿ ಮಾಡ್ರಿ, ಚಂದ ಕಾಣ್ತೈತಿ" ಎಂದಳು ಗಿರಿಜಾ.

ನಾನು ಪಾನಕದ ಲೋಟ ಕೆಳಗಿಟ್ಟೆ. ಅಷ್ಟು ಜನರ ಮುಂದೆ ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. "ಹಚ್ಚಬ್ಯಾಡ್ರಿ."

ಎಲ್ಲರೂ ತಿರುಗಿದರು.

"ಅದು ಹಚ್ಚಿದ ಬಣ್ಣ ಅಲ್ಲ. ಅದು ಹುಟ್ಟಿದ್ದ ಬಿಳಿ. ಅದು ಬ್ಯಾರೆ ಮನಿ. ನನ್ನ ಮನಿ."

ಗಿರಿಜಾ ಹಣೆಗೆ ಕೈ ಹಚ್ಚಿಕೊಂಡಳು. "ಯವ್ವಾ! ನಿನ್ನ ಹೊಟ್ಟಿಕಿಚ್ಚು ಇನ್ನೂ ಆರಿಲ್ಲೇನಕ್ಕ? ತಲೀ ಹಣ್ಣಾತು."

"ಇಲ್ಲ" ಎಂದೆ. "ಆರಿಲ್ಲ. ಕೊಟ್ಟದ್ದನ್ನ ಕೊಟ್ಟಾರ ಅಂತ ಒಂದಿನ ಆದ್ರೂ ಅಂದೀಯೇನು ನೀನು?"

ಹುಡುಗರು ಕಿಸಕ್ಕೆಂದರು. ಗಿರಿಜಾ ನಗಲಿಲ್ಲ. ತನ್ನ ಮನೆಯನ್ನು ಮೊದಲ ಸಲ ನೋಡುವವಳಂತೆ ಕತ್ತೆತ್ತಿ ನೋಡಿದಳು. ಬಿಸಿಲು ಏರಿ ಆ ಬಿಳಿ ಕಣ್ಣು ಕುಕ್ಕುತ್ತಿತ್ತು. ಮೇಷ್ಟ್ರ ಕಡೆ ತಿರುಗಿ ಹೇಳಿದಳು.

"ಬಿಳೀದು ಹಂಗ ಇರ್ಲಿ ಬಿಡ್ರಿ. ಅದು ನಂದಲ್ಲ."

ಅಷ್ಟು ಹೇಳಿ ಪಾನಕದ ತಂಬಿಗೆ ತೆಗೆದುಕೊಂಡು ಒಳಗೆ ಹೋದಳು. ಈ ಮಾತಿಗಾಗಿ ನಾನು ಎಷ್ಟು ಮಳೆಗಾಲ ಕಾದಿದ್ದೆ. ಉರಿ ಆರಿಹೋಗುತ್ತದೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಹುಡುಗಿಯೊಬ್ಬಳು ಕಣ್ಣು ಒರೆಸಿಕೊಂಡು ನನ್ನ ಹತ್ತಿರ ಬಂದು, "ನಿಮ್ಮ ತಂಗಿ ಎಷ್ಟು ದೊಡ್ಡ ಮನಸ್ಸಿನವರು ಅಲ್ವಾ ಅಜ್ಜಿ" ಎಂದಳು. ನೋಡಿ, ಅದನ್ನೂ ಅವಳೇ ಹೊಡೆದುಕೊಂಡಳು.

ಚಪ್ಪರ ಎದ್ದಿದೆ. ಮನೆ ಎರಡು ಬಣ್ಣದಲ್ಲೇ ಇದೆ. ಫಲಕದಲ್ಲಿ ಮಾತ್ರ ಮಲ್ಲೇಶಪ್ಪನ ಹೆಸರು, ಗಿರಿಜಾಳ ಹೆಸರು ಇದೆ. ಲಾರಿಯ ಸುದ್ದಿ ಇಲ್ಲ, ಕೌದಿಯ ಸುದ್ದಿ ಇಲ್ಲ. ಇನ್ನೊಮ್ಮೆ ಹೋಗಿ ಬಾಯಿ ಬಿಡುವ ಶಕ್ತಿ ನನಗಿಲ್ಲ. ಆದ್ದರಿಂದ ಮಕ್ಕಳೇ, ಈ ಹಾಳೆಗಳನ್ನು ಒದ್ದೆಯಾಗದ ಕಡೆ ಇಡಿ. ನಿಮ್ಮ ಸಣ್ಣಜ್ಜಿ ಕೇಳಿದರೆ ಓದಲು ಕೊಡಿ, ಆದರೆ ಓದಿಸಿ ಮರಳಿ ಇಸಕೊಳ್ಳಿ. ಅವಳ ಹತ್ತಿರ ಉಳಿಯಲು ಬಿಡಬೇಡಿ.